ಬ್ಯಾಡಗಿಗೆ ಒಂದು ಬೆರಳು ಒಯ್ದದ್ದು

ಬೆಳಿಗ್ಗೆ ಏಳಕ್ಕೆ ಹಾವೇರಿಯಲ್ಲಿ ನನ್ನ ಓಟು ಹಾಕಿ, ಎಡಗೈ ತೋರುಬೆರಳಿಗೆ ಮಸಿ ಹಚ್ಚಿಸಿಕೊಂಡು, ಬಲಗೈ ತೋರುಬೆರಳನ್ನು ಜೋಪಾನವಾಗಿ ಮಡಿಚಿಕೊಂಡು ಬಸ್ ನಿಲ್ದಾಣಕ್ಕೆ ಬಂದೆ. ಬಲಗೈಯ ಆ ಬೆರಳು ಅವತ್ತಿನ ಮಟ್ಟಿಗೆ ನನ್ನದಲ್ಲ, ನನ್ನ ಅಕ್ಕನದು. ರಾಣೆಬೆನ್ನೂರಿಗೆ ಹೋಗಿ ಅಕ್ಕನನ್ನು ಕರೆದುಕೊಂಡು, ಅಲ್ಲಿಂದ ಬ್ಯಾಡಗಿಗೆ ಹೋಗಿ, ಅವಳು ಹೇಳಿದ ಗುಂಡಿಯನ್ನು ಆ ಬೆರಳಿನಿಂದ ಒತ್ತಿ ಬರುವುದು ನನ್ನ ಪ್ರವಾಸದ ಉದ್ದೇಶ.

ನೀಲಕ್ಕನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹುಬ್ಬಳ್ಳಿಯಲ್ಲಿ ಅಂಧ ಮಕ್ಕಳ ಶಾಲೆಗೆ ಹೋಗಿ ಬ್ರೈಲ್ ಕಲಿತು, ಬ್ಯಾಡಗಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಟ್ಟು ನಿವೃತ್ತಳಾದವಳು. ಅವಳ ಗಂಡ, ನನ್ನ ಮಾವ, ತೀರಿಕೊಂಡ ಮೇಲೆ ರಾಣೆಬೆನ್ನೂರಿನ ಮಗಳ ಮನೆಯಲ್ಲಿದ್ದಾಳೆ. ಓಟು ಮಾತ್ರ ಇನ್ನೂ ಬ್ಯಾಡಗಿಯಲ್ಲಿದೆ. ಕಣ್ಣು ಕಾಣದವರ ಪರವಾಗಿ ಜೊತೆಗೆ ಬಂದವರು ಗುಂಡಿ ಒತ್ತಲು ಕಾಯ್ದೆಯಲ್ಲಿ ಅವಕಾಶವಿದೆ. ಇಷ್ಟು ವರ್ಷ ಮಾವ ಒತ್ತುತ್ತಿದ್ದರು. ಈ ಸಲ ನನಗೆ ಫೋನು ಬಂತು.

"ತಮ್ಮಾ, ನಾ ಯಾರಿಗೆ ಅಂದರೂ ಒತ್ತತೀ ಹೌದಲ್ಲೋ?"

"ಒತ್ತತೇನಿ ಬಿಡವಾ" ಎಂದೆ. ಆವತ್ತಿನಿಂದ ನಿದ್ದೆ ಹೋಯಿತು.

ರಾಜಕೀಯದ ಮಾತು ಬಂದರೆ ನಾನೂ ನೀಲಕ್ಕನೂ ಎಣ್ಣೆ ಸೀಗೆಕಾಯಿ. ನನಗೆ ಸೇರದವನ ಹೆಸರನ್ನೇ ಅವಳು ಹೇಳುತ್ತಾಳೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಹೇಳಿದರೆ ಒತ್ತುತ್ತೇನೋ, ಬೆರಳು ಜಾರುತ್ತದೋ? ಜಾರಿದರೆ ಯಾರಿಗೆ ಗೊತ್ತಾಗುತ್ತದೆ? ಈ ಪ್ರಶ್ನೆ ನನ್ನೊಳಗೆ ಹುಟ್ಟಿದ್ದಕ್ಕೇ ನನಗೆ ಹೆದರಿಕೆಯಾಯಿತು. ಅದರ ಮೇಲೆ ಇನ್ನೊಂದು: ಜೊತೆಗಾರನ ಬಲಗೈ ಬೆರಳಿಗೂ ಮಸಿ ಹಚ್ಚುತ್ತಾರಂತೆ. ಎರಡೂ ಕೈಗೆ ಮಸಿ ಹಚ್ಚಿಕೊಂಡು ತಿರುಗುವವನನ್ನು ಕಳ್ಳ ಓಟಿನವನೆಂದು ಪೊಲೀಸರು ಹಿಡಿದರೆ? ಹೆಂಡತಿ, "ನಿಮ್ಮ ಮುಖ ನೋಡಿದರ ಎರಡನೇ ಓಟು ಹಾಕೂ ಧೈರ್ಯ ಇಲ್ಲ ಅಂತ ಯಾರಿಗರ ತಿಳೀತೈತ್ರಿ, ಹೋಗಿ ಬರ್ರಿ" ಎಂದು ಕಳಿಸಿದಳು.

ಹಾವೇರಿಯಿಂದ ರಾಣೆಬೆನ್ನೂರು ಮೂವತ್ತು ಮೂವತ್ತೈದು ಕಿಲೋಮೀಟರು. ಓಟು ಹಾಕಲು ಊರಿಗೆ ಹೊರಟವರಿಂದ ಬಸ್ಸು ತುಂಬಿತ್ತು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದೆ. ಹತ್ತಿ ನೋಡಿದರೆ ಟವೆಲ್ಲಿನ ಮೇಲೆ ಒಬ್ಬ ಹಿರಿಯರು ಕೂತಿದ್ದರು. ಅವರು ಸರಿದು ಅರ್ಧ ಸೀಟು ಕೊಟ್ಟರು. ಹೆದ್ದಾರಿಯುದ್ದಕ್ಕೂ ಮೇ ತಿಂಗಳ ಬಿಸಿಲು ಆಗಲೇ ಚುರುಗುಡುತ್ತಿತ್ತು.

"ಬೆರಳಿಗೆ ಏನಾಗೇತ್ರಿ? ಮಡಿಚಿಕೊಂಡೀರಲ್ಲ" ಎಂದು ಅವರು ಕೇಳಿದರು.

"ಏನಿಲ್ರಿ, ಇಟ್ಟುಕೊಂಡೇನಿ."

ಅವರು ನನ್ನನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದರು. ಮೋಟೆಬೆನ್ನೂರಿನಲ್ಲಿ ಬೇರೆ ಸೀಟು ಖಾಲಿಯಾದದ್ದೇ ಎದ್ದು ಅಲ್ಲಿಗೆ ಹೋದರು.

ಅಕ್ಕನ ಮಗಳು ನರ್ಸು. ತನ್ನ ಓಟು ಹಾಕಿ ಡ್ಯೂಟಿಗೆ ಹೊರಟಿದ್ದವಳು ನನಗೊಂದು ತಾಟು ಒಗ್ಗರಣೆ ಅವಲಕ್ಕಿ ಕೊಟ್ಟು, ಕೈಗೆ ರೊಟ್ಟಿ ಶೇಂಗಾ ಚಟ್ನಿಯ ಗಂಟು ಕೊಟ್ಟು ಹೋದಳು. ನೀಲಕ್ಕ ಇಳಕಲ್ ಸೀರೆ ಉಟ್ಟು, ಬಿಳಿ ಕೋಲು ಹಿಡಿದು, ಮದುವೆಗೆ ಹೊರಟವಳಂತೆ ಕಟ್ಟೆಯ ಮೇಲೆ ಕೂತಿದ್ದಳು.

"ತಡಾ ಮಾಡಿದಿ" ಎಂದಳು.

"ಆರಕ್ಕ ಮುಗೀತೈತವಾ. ಇನ್ನೂ ಒಂಬತ್ತೂವರೆ."

"ಹೆದರಾವ ನೀ. ಇವತ್ತ ನಾ ಹೆದರೇನಿ."

ಬ್ಯಾಡಗಿಯ ಬಸ್ಸಿನಲ್ಲಿ ಅಕ್ಕನಿಗೆ ಸೊನ್ನೆ ಟಿಕೀಟು, ನನಗೆ ದುಡ್ಡಿನ ಟಿಕೀಟು. ಇಪ್ಪತ್ತು ಚಿಲ್ಲರೆ ಕಿಲೋಮೀಟರಿನ ದಾರಿ. ನಮ್ಮ ಹಿಂದಿನ ಸೀಟಿನ ಹೆಣ್ಣುಮಗಳೊಬ್ಬಳು ಮಾತಿಗೆ ಶುರುಮಾಡಿದಳು.

"ಯಾರನ್ನ ಪ್ರಧಾನಿ ಮಾಡಾಕ ಹೊಂಟೀರಿ ಅಕ್ಕಾರ?"

ಕೇಳಬಾರದವರನ್ನು ಕೇಳಿದ್ದಳು. ನೀಲಕ್ಕ ಒಂಟಿಯಾದ ಮೇಲೆ ಲೋಕಸಭೆಯ ಕಲಾಪವನ್ನು ಮೊಬೈಲಿನಲ್ಲಿ, ಬೇರೆಯವರು ಧಾರಾವಾಹಿ ಕೇಳಿದಂತೆ ಕೇಳುತ್ತಾಳೆ. ಹಿಂದಿ ಅರ್ಧ ತಿಳಿಯುತ್ತದೆ, ಇಂಗ್ಲಿಷು ಕಾಲು ತಿಳಿಯುತ್ತದೆ, ಗದ್ದಲ ಪೂರ್ತಿ ತಿಳಿಯುತ್ತದೆ.

"ಅದು ನಮ್ಮ ಕೈಯಾಗಿಲ್ಲವಾ. ನಾವು ಇಲ್ಲಿಂದ ಒಬ್ಬಾಂವನ್ನ ಕಳಸ್ತೇವಿ. ಹಿಂಗ ದೇಶದಿಂದ ಐನೂರು ಚಿಲ್ಲರೆ ಮಂದಿ ಕೂಡ್ತಾರ. ಅದರಾಗ ಅರ್ಧಕ್ಕಿಂತ ಹೆಚ್ಚು ಮಂದಿ ಯಾರ ಬೆನ್ನಿಗೆ ಅದಾರೋ ಅವರು ಪ್ರಧಾನಿ. ಆ ಮಂದಿ ಕೈ ಬಿಟ್ಟರ ಮನಿಗೆ."

"ಐದ ವರ್ಷ ಖಾಯಂ ಅಲ್ಲೇನ್ರಿ?"

"ಯಾರ ಖಾಯಂ ಅದಾರವಾ? ಒಂದ ಓಟಿಗೆ ಸರ್ಕಾರ ಬಿದ್ದದ್ದು ನಾ ರೇಡಿಯೋದಾಗ ಕೇಳೇನಿ. ಅನ್ನಕ್ಕ ಇಟ್ಟ ನೀರು ಅವತ್ತ ಬತ್ತಿ ಹೋತು." ಆಮೇಲೆ ನನ್ನ ಕಡೆ ತಿರುಗಿದಳು. "ಅಲ್ಲಿ ಅವರು ಓಟು ಹೆಂಗ ಹಾಕತಾರ ಗೊತ್ತೈತೇನ? ಮೊದಲು ಬಾಯಿಲೆ. ಹೌದು ಅನ್ನವರು ಹೌದು ಅಂತ ಒದರತಾರ, ಇಲ್ಲ ಅನ್ನವರು ಇಲ್ಲ ಅಂತ ಒದರತಾರ. ಸ್ಪೀಕರು ಕಿವಿಗೊಟ್ಟು ಕೇಳಿ ತೀರ್ಮಾನ ಹೇಳತಾರ. ಕಣ್ಣಿಗೇನೂ ಕೆಲಸಿಲ್ಲ. ಆ ಕುರ್ಚೆದಾಗ ನನ್ನ ಕುಂದರಿಸಿದರೂ ನಡೀತೈತಿ."

"ಕಿವಿ ತಪ್ಪಿ ಕೇಳಿದರ?" ನನ್ನ ಸ್ವಭಾವ ಸುಮ್ಮನಿರಗೊಡಲಿಲ್ಲ.

"ಅದಕ್ಕೂ ದಾರಿ ಇಟ್ಟಾರ. ಒಬ್ಬಾಂವ ಎದ್ದು 'ನಾ ಒಪ್ಪೂದಿಲ್ಲ, ಎಣಸ್ರಿ' ಅಂದರ ಬಾಗಲಾ ಹಾಕಿ ಎಲ್ಲಾರನ್ನೂ ಎಣಸತಾರ."

ಅಷ್ಟು ದೊಡ್ಡ ಗದ್ದಲದ ಮನೆಯಲ್ಲಿ, ಒಪ್ಪದವನೊಬ್ಬನಿಗಾಗಿ ಬಾಗಿಲು ಹಾಕಿ ಎಣಿಸುವ ಏರ್ಪಾಡನ್ನು ಯಾರೋ ಮುಂಚೆಯೇ ಯೋಚಿಸಿ ಇಟ್ಟಿದ್ದಾರೆಂಬುದು ನನಗೆ ಬಹಳ ಹಿಡಿಸಿತು. ಅವರೂ ನನ್ನ ಹಾಗೆ ಚಿಂತೆಯ ಮನುಷ್ಯರೇ ಇರಬೇಕು.

ಕದರಮಂಡಲಗಿ ಬಂತು. ಆಂಜನೇಯನಿಗೆ ಕಿಟಕಿಯಿಂದಲೇ ಕೈಮುಗಿದೆ. ನೀಲಕ್ಕ ದನಿ ತಗ್ಗಿಸಿದಳು.

"ನಿಮ್ಮ ಮಾವ ಒಳ್ಳೇ ಮನಷ್ಯ. ಆದರ ನಾ ಹೇಳಿದ್ದನ್ನ ಒತ್ತತಿದ್ರೋ, ತಮಗ ಬೇಕಾದ್ದನ್ನ ಒತ್ತತಿದ್ರೋ, ಕಡೀತನಕ ತಿಳೀಲಿಲ್ಲ. ಕೇಳಿದರ ನಗತಿದ್ರು. ಈ ಸಲ ಒಂದರ ನನ್ನ ಓಟು ನಾ ಅಂದಲ್ಲಿ ಬೀಳಬೇಕು."

"ನನ್ನ ಮ್ಯಾಲ ನಂಬಿಕಿ ಇಲ್ಲೇನಕ್ಕಾ?"

"ಇದ್ದದ್ದಕ್ಕ ಕರದೇನಿ. ಮಗಳು ಅಪ್ಪನಂಥಾಕಿ, ಸುಮ್ಮನ ಒತ್ತಿ ಬಂದು ನಗತಾಳ. ನೀ ಹೆದರಿ ಸಾಯಾಂವ, ಹೇಳಿದ್ದು ಕೇಳತಿ."

"ಯಾರಿಗೆ ಅಂತ ಈಗ ಹೇಳಿಬಿಡವಾ, ನಂಬರ್ ಪಾಠ ಮಾಡಕೋತೇನಿ."

"ಒಳಗ ಹೋದ ಮ್ಯಾಲ."

ನಾನು ಬಲಗೈ ಬೆರಳನ್ನು ಇನ್ನಷ್ಟು ಬಿಗಿಯಾಗಿ ಮಡಿಚಿಕೊಂಡೆ.

ಬ್ಯಾಡಗಿಯಲ್ಲಿ ಇಳಿದ ಕೂಡಲೇ ಸೀನು. ಓಟಿನ ದಿನ ಮಾರುಕಟ್ಟೆಗೆ ರಜೆ. ಆದರೂ ಮೆಣಸಿನಕಾಯಿಯ ಘಾಟಿಗೆ ರಜೆ ಕೊಡುವವರು ಯಾರು? ನೀಲಕ್ಕ ಮೂಗರಳಿಸಿ ಒಂದು ದೀರ್ಘ ಉಸಿರು ಎಳೆದುಕೊಂಡಳು. "ನಮ್ಮೂರು" ಎಂದಳು. ನಾನು ಏಳೆಂಟು ಸಲ ಸೀನಿದೆ, ಪ್ರತಿ ಸಲವೂ ಬಲಗೈಯನ್ನು ದೂರ ಹಿಡಿದು.

ಮತಗಟ್ಟೆ ಒಂದು ಕನ್ನಡ ಶಾಲೆಯಲ್ಲಿತ್ತು. ಬಾಗಿಲಿಗೆ ಇಳಿಜಾರು ಹಾಸಿದ್ದರು, ಶಾಮಿಯಾನ, ಕುಡಿಯುವ ನೀರು, ಗಾಲಿಕುರ್ಚಿ ಎಲ್ಲ ಇತ್ತು. ಪಾಳಿಯಲ್ಲಿದ್ದವರು ಬಿಳಿ ಕೋಲು ಕಂಡದ್ದೇ ಯಾರೂ ಹೇಳದೆ ದಾರಿ ಬಿಟ್ಟರು. ಒಳಗೆ ಸೆಕೆ. ಹೆಸರು ನೋಡುವ ಗುಮಾಸ್ತರು ಒಂದು ದಪ್ಪನೆಯ ಖಾಲಿ ಹಾಳೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಗೋಡೆಯ ಪಕ್ಕ ಬೇರೆ ಬೇರೆ ಪಕ್ಷಗಳ ಏಜೆಂಟರು ಒಂದೇ ಡಬ್ಬಿಯಿಂದ ಚುರುಮುರಿ ತಿನ್ನುತ್ತ ಕೂತಿದ್ದರು. ಹಿಂದಿನ ದಿನದವರೆಗೆ ಮೈಕಿನಲ್ಲಿ ಇವರ ಪಕ್ಷಗಳು ಆಡಿದ ಮಾತು ಕೇಳಿದ್ದ ನನಗೆ ಆ ಡಬ್ಬಿ ಕಂಡು ಸಮಾಧಾನವಾಯಿತು.

ಮತಗಟ್ಟೆಯ ಮುಖ್ಯಾಧಿಕಾರಿ ಒಬ್ಬ ಹೈಸ್ಕೂಲು ಶಿಕ್ಷಕಿ. ನಾನು ಮುಂದೆ ಹೋಗಿ, ಜೊತೆಗಾರ ಹೇಳಬೇಕಾದ ಮಾತನ್ನು ಮನೆಯಲ್ಲಿ ಪಾಠ ಮಾಡಿಕೊಂಡಂತೆ ಒಪ್ಪಿಸಿದೆ: ಇವತ್ತು ಬೇರೆ ಯಾರಿಗೂ ಜೊತೆಗಾರನಾಗಿಲ್ಲ, ಇವರ ಓಟಿನ ಗುಟ್ಟು ಯಾರಿಗೂ ಹೇಳುವುದಿಲ್ಲ. ಬಲಗೈ ಬೆರಳನ್ನೂ ಚಾಚಿದೆ.

"ತಡೀರಿ ಮೇಡಮ್ಮಾರ" ಎಂದಳು ನೀಲಕ್ಕ. "ನನಗ ನಿಂತಾವರ ಹೆಸರು, ನಂಬರ್ ಇದ್ದ ಬ್ರೈಲ್ ಹಾಳಿ ಕೊಡ್ರಿ. ಎಲ್ಲಾ ಬೂತಿನಾಗೂ ಇಟ್ಟಿರತಾರಂತ ರೇಡಿಯೋದಾಗ ಹೇಳ್ಯಾರ. ನನ್ನ ಓಟು ನಾನ ಒತ್ತತೇನಿ. ಇವ ಇಲ್ಲೇ ನಿಂದರತಾನ."

ಚಾಚಿದ ಬೆರಳನ್ನು ಎಲ್ಲಿಡುವುದೆಂದು ತಿಳಿಯದೆ ನಿಂತೆ.

ಮಾವನನ್ನು ಬಲ್ಲ ಹಿರಿಯ ಏಜೆಂಟರೊಬ್ಬರು ನಕ್ಕರು. "ಯಾಕ್ರಿ ನೀಲಕ್ಕಾರ, ಯಜಮಾನ್ರು ಇದ್ದಾಗ ಎರಡ ನಿಮಿಷದ ಕೆಲಸ ಇತ್ತಲ್ರಿ."

"ಹೌದ್ರಿ. ಅವರಿಗೆ ಎರಡ ನಿಮಿಷ. ನಾ ಮದಿವ್ಯಾದಾಗಿಂದ ನಿಂತೇನಿ."

ಮುಖ್ಯಾಧಿಕಾರಿ ನಗಲಿಲ್ಲ. "ಬ್ರೈಲ್ ಹಾಳಿ ಬಂದಿರಬೇಕು. ಅದು ಇವರ ಹಕ್ಕು, ಹುಡುಕ್ರಿ" ಎಂದು ಎದ್ದರು. ಚೀಲ ಬಿಚ್ಚಿದರು, ಲಕೋಟೆಗಳನ್ನು ಸರಿಸಿದರು, ಮೇಜಿನ ಕೆಳಗೆ ಬಗ್ಗಿದರು. ಪಾಳಿ ಬಾಗಿಲಾಚೆ ಬೆಳೆಯುತ್ತಿತ್ತು. "ಅಕ್ಕಾ, ಸಿಗದಿದ್ದರ ನಾ ಒತ್ತತೇನವಾ, ಆಣಿ ಮಾಡತೇನಿ" ಎಂದು ಪಿಸುಗುಟ್ಟಿದೆ. ಅವಳು ಕೋಲನ್ನು ನೆಲಕ್ಕೂರಿ, "ಆರರತನಕ ಐತಿ ಅಂತ ನೀನ ಅಂದಿಯಲ್ಲ" ಎಂದಳು.

ಗುಮಾಸ್ತರಿಗೆ ಪಾಪ ಅನಿಸಿರಬೇಕು. ಎದ್ದು ತಮ್ಮ ಕುರ್ಚಿ ಕೊಟ್ಟರು. "ಕುಂದ್ರಿ ಅಕ್ಕಾರ, ಸೆಕಿ ಭಾಳ ಐತಿ. ಇದು ತಗೊಳ್ರಿ, ಗಾಳಿ ಹಾಕ್ಕೊಳ್ರಿ" ಎಂದು ಕೈಯಲ್ಲಿದ್ದ ಹಾಳೆಯನ್ನು ಅವಳಿಗೆ ಕೊಟ್ಟರು.

ನೀಲಕ್ಕ ಎರಡು ಸಲ ಬೀಸಿದಳು. ಕೈ ನಿಂತಿತು. ಬೆರಳು ಹಾಳೆಯ ಮೇಲೆ ನಿಧಾನವಾಗಿ ಎಡದಿಂದ ಬಲಕ್ಕೆ ಸರಿಯಿತು.

"ಸರ, ಇದು ಬೀಸಣಿಕಿ ಅಲ್ರಿ" ಎಂದಳು. "ನೀವೆಲ್ಲಾರೂ ಹುಡುಕಾಕತ್ತಿದ್ದು ಇದ."

ನಾನು ಬಗ್ಗಿ ನೋಡಿದೆ. ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ಆ ಖಾಲಿ ಹಾಳೆಯ ತುಂಬ ಸಾಸಿವೆಯಂಥ ಚುಕ್ಕಿಗಳಿದ್ದವು. ಮಸಿ ಇಲ್ಲದ ಹಾಳೆಯನ್ನು ಬರಹವಿಲ್ಲದ ಹಾಳೆ ಎಂದು ತಿಳಿದದ್ದು ಗುಮಾಸ್ತರೊಬ್ಬರೇ ಅಲ್ಲ; ಬಂದಾಗಿನಿಂದ ನಾನೂ ಅದನ್ನು ನೋಡುತ್ತಲೇ ಇದ್ದೆ. ಗುಮಾಸ್ತರ ಮುಖ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು. ಮುಖ್ಯಾಧಿಕಾರಿ ಮೇಜಿನ ಕೆಳಗಿನಿಂದ ಎದ್ದು ನಿಂತು, "ತಪ್ಪಾತ್ರಿ, ಸಾವಕಾಶ ಓದ್ರಿ, ಅವಸರಿಲ್ಲ" ಎಂದರು.

ಅವಳು ಓದಿದಳು. ಒಂದು ಹೆಸರನ್ನೂ ಬಿಡದೆ, ಬೆರಳನ್ನು ಮೇಲಿನಿಂದ ಕೆಳಗೆ ಇಳಿಸಿ, ಮತ್ತೊಮ್ಮೆ ಮೇಲಿನಿಂದ. ತುಟಿ ಅಲುಗಲಿಲ್ಲ. ಏಜೆಂಟರು ಚುರುಮುರಿ ನಿಲ್ಲಿಸಿ ಆ ಬೆರಳನ್ನೇ ನೋಡುತ್ತಿದ್ದರು. ಅದು ಎಲ್ಲಿಯೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮದುವೆಯಾದಾಗಿನಿಂದ ಓಟು ಹಾಕುತ್ತ ಬಂದವಳು ಮತಪತ್ರ ಓದಿದ್ದು ಅದೇ ಮೊದಲು. ಆಮೇಲೆ ಎಡಗೈ ಬೆರಳು ಚಾಚಿ ಮಸಿ ಹಚ್ಚಿಸಿಕೊಂಡಳು. ಅಧಿಕಾರಿ ಯಂತ್ರ ಇಟ್ಟ ರಟ್ಟಿನ ಮರೆಯವರೆಗೆ ಕೈಹಿಡಿದು ಬಿಟ್ಟು ಹಿಂದೆ ಬಂದರು. ಯಂತ್ರದ ಮೇಲೆ ಗುಂಡಿಗಳ ಪಕ್ಕ ಬ್ರೈಲ್ ಅಂಕಿಗಳಿರುತ್ತವಂತೆ. ನಾನು ಅಷ್ಟು ವರ್ಷ ಓಟು ಹಾಕಿಯೂ ಅವುಗಳನ್ನು ಗಮನಿಸಿರಲಿಲ್ಲ.

ಮರೆಯ ಹಿಂದೆ ಸದ್ದಿಲ್ಲ. ತಪ್ಪು ಗುಂಡಿ ಸಿಕ್ಕಿತೋ, ಸಾಲು ತಪ್ಪಿತೋ, ಅಕ್ಕನಿಗೆ ಬವಳಿ ಬಂತೋ ಎಂದು ನಾನು ಎಣಿಸುತ್ತ ನಿಂತೆ. ಪಾಳಿಯಲ್ಲಿ ಒಬ್ಬರೂ ಗೊಣಗಲಿಲ್ಲ. ಆಮೇಲೆ ಉದ್ದನೆಯ ಬೀಪ್ ಕೇಳಿತು. ಗುಮಾಸ್ತರು ನನಗಿಂತ ಮೊದಲು ಉಸಿರು ಬಿಟ್ಟರು.

ಹೊರಗೆ ಬೇವಿನ ಮರದ ಕೆಳಗೆ ಕೂತು ರೊಟ್ಟಿ ತಿಂದೆವು. ನಿಲ್ದಾಣದ ಹತ್ತಿರ ಅವಳು ಗಿರಮಿಟ್ ಬೇಕೆಂದಳು, ಅದನ್ನೂ ತಿಂದೆವು. ಅವಳು ಉಂಡ ಕೈಯನ್ನು ತೊಳೆದ ಮೇಲೂ ಬೆರಳಿನ ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ರಾಣೆಬೆನ್ನೂರಿನ ಬಸ್ಸಿನಲ್ಲಿ ತಡೆಯಲಾಗದೆ ಕೇಳಿದೆ. "ಯಾರಿಗೆ ಹಾಕಿದಿ ಅಕ್ಕಾ?"

ನೀಲಕ್ಕ ನಕ್ಕಳು. ಬಾಯಿ ಮುಚ್ಚಿ, ಭುಜ ಕುಲುಕಿಸಿ. ಅದು ಮಾವನ ನಗು.

"ಈಗ ತಿಳೀತು ನೋಡು" ಎಂದಳು ಆಮೇಲೆ, "ಅವರು ಹೇಳದ ಯಾಕ ನಗತಿದ್ರು ಅಂತ. ಭಾಳ ರುಚಿ ಐತೋ ಇದು."

ಅವಳನ್ನು ಮನೆ ಮುಟ್ಟಿಸಿ ಸಂಜೆಯ ಬಸ್ಸಿಗೆ ಹಾವೇರಿಗೆ ಹೊರಟೆ. ಬಸ್ಸಿನ ತುಂಬ ಮಸಿಯ ಬೆರಳುಗಳು ಸರಳು ಹಿಡಿದು ನಿಂತಿದ್ದವು. ಬಲಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎರಡು ಊರು ಸುತ್ತಿ ಬಂದ ಬೆರಳು ಬೆಳಿಗ್ಗೆ ಇದ್ದಷ್ಟೇ ಚೊಕ್ಕವಾಗಿತ್ತು. ಅದನ್ನು ಮಡಿಚುವ ಕೆಲಸವಿರಲಿಲ್ಲ. ಉಳಿದವರ ಹಾಗೆ ಸರಳು ಹಿಡಿದು ನಿಂತೆ.