ಅಟ್ಟದ ಕಿಂಡಿಗೆ ಬಂದ ರೇಡಿಯೊ ತಂತಿ

ನಮ್ಮ ತೋಟದಲ್ಲಿ ತಲೆಯೆತ್ತಿ ಮರ ನೋಡುವ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹಾಗೆ ನೋಡುವವನು ಫಸಲು ಗುತ್ತಿಗೆ ಕೇಳಲು ಬಂದವನೇ ಆಗಿರುತ್ತಾನೆ. ಕಣ್ಣಲ್ಲಿ ಗೊನೆ ಎಣಿಸುತ್ತಾ ಬಾಯಲ್ಲಿ ಮಾತ್ರ ಈ ವರ್ಷ ನುಸಿ ಜಾಸ್ತಿ, ಕಾಯಿ ಸಣ್ಣ ಎಂದು ರಾಗ ಎಳೆಯುತ್ತಾನೆ. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟ ಹಿರಿಯರೊಬ್ಬರು ನಮ್ಮ ಹಿತ್ತಿಲಲ್ಲಿ ಒಂದು ತೆಂಗಿನ ಮರದಿಂದ ಇನ್ನೊಂದಕ್ಕೆ ಹೆಜ್ಜೆಯಲ್ಲಿ ಅಳೆಯುತ್ತಿದ್ದುದನ್ನು ಕಂಡು ಸಗಣಿ ಕೈಯಲ್ಲೇ ಹೊರಗೆ ಬಂದೆ.

"ಗುತ್ತಿಗೆಗೆ ಕೊಡಲ್ಲ ಕಣ್ರೀ. ನಾವೇ ಕೀಳಿಸ್ತೀವಿ."

"ನಾನು ಕಾಯಿಗೆ ಬಂದಿಲ್ಲ ತಾಯಿ. ಮರ ನೋಡಾಕೆ ಬಂದೆ," ಎಂದರು ಅವರು.

ಕಾಯಿ ಬೇಡ, ಮರ ಬೇಕು ಎನ್ನುವವನು ಇನ್ನೂ ಅಪಾಯದವನು. ಮರ ಕಡಿಸಿ ಮಾರುವ ದಲ್ಲಾಳಿ ಇರಬೇಕು ಎಂದುಕೊಳ್ಳುವಷ್ಟರಲ್ಲಿ ನನ್ನ ಮಗಳು ಓಡಿಬಂದಳು. ಅವರನ್ನು ಕರೆಸಿದವಳೇ ಅವಳು! ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತರಾದವರಂತೆ, ತುರುವೇಕೆರೆಯಲ್ಲಿ ಮನೆಯಂತೆ. ಶಾಲೆ ಕಾಲೇಜುಗಳಿಗೆ ಹೋಗಿ ಹ್ಯಾಮ್ ರೇಡಿಯೊ ತೋರಿಸುವುದು ಅವರ ಕೆಲಸ. ಅದೂ ಸ್ವಂತ ಖರ್ಚಿನಲ್ಲಿ. ಮಗಳು ಓದುತ್ತಿದ್ದ ಪಿಯು ಕಾಲೇಜಿಗೂ ಬಂದಿದ್ದರು. ಸರ್ಕಾರದ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದರೆ, ಫೋನಿನ ಹಂಗಿಲ್ಲದೆ ಮನೆಯಿಂದಲೇ ಊರೂರಿನವರ ಜೊತೆ ರೇಡಿಯೊದಲ್ಲಿ ಮಾತಾಡಬಹುದು ಎಂದರಂತೆ. ಉಳಿದ ಹುಡುಗರು ಚಪ್ಪಾಳೆ ತಟ್ಟಿ, ಸೆಲ್ಫಿ ತೆಗೆದುಕೊಂಡು ಎದ್ದುಹೋದರು. ನಮ್ಮವಳು ಮಾತ್ರ ಹಿಡಿದ ಪಟ್ಟು ಬಿಡಲಿಲ್ಲ.

ಸ್ವಂತ ಖರ್ಚಿನಲ್ಲಿ ಎಂದಾಗಲೇ ನನ್ನ ಕಿವಿ ನಿಮಿರಿತು. ಈ ಕಾಲದಲ್ಲಿ ಪುಕ್ಕಟೆ ಯಾರು ಏನು ಕೊಡುತ್ತಾರೆ?

ಅವರು ಕೇಳಿದ್ದು ಇಷ್ಟು. ಎರಡು ಮರಗಳ ನಡುವೆ ಎತ್ತರದಲ್ಲಿ ಒಂದು ತಂತಿ, ಆ ತಂತಿಯ ಮಧ್ಯದಿಂದ ಇಳಿಯುವ ಒಂದು ಕೇಬಲ್. ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಸೊರಗುತ್ತದಂತೆ, ಅದಕ್ಕೇ ಅದನ್ನು ನಮ್ಮ ಅಟ್ಟದ ಕಿಂಡಿಯಿಂದ ಒಳಗೆ ಎಳೆದುಕೊಳ್ಳಬೇಕಂತೆ. "ಒಂದ್ಸಲ ಅಟ್ಟ ಹತ್ತಿ ನೋಡ್ಲಾ ತಾಯಿ?" ಎಂದರು.

ಅಲ್ಲಿಗೆ ಬಂತು ನೋಡಿ ವಿಷಯ. ನಮ್ಮ ಕಡೆ ಅಟ್ಟವೆಂದರೆ ಹಳೆ ಸಾಮಾನು ಎಸೆಯುವ ಜಾಗವಲ್ಲ. ಹೆಚ್ಚುಕಮ್ಮಿ ವರ್ಷವಿಡೀ ಕಾಯಿ ಅಲ್ಲೇ ಕೂತು, ಒಳಗಿನ ನೀರು ಇಂಗಿ, ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಿ ಎಷ್ಟಿದೆ ಎಂಬುದು ಹೊರಗೆ ಹೋದರೆ ತಿಪಟೂರಿನ ವ್ಯಾಪಾರಿಗೆ ನಾವು ಎಷ್ಟು ದಿನ ತಡೆಯಬಲ್ಲೆವು ಎಂಬುದೂ ಗೊತ್ತಾಗಿಹೋಗುತ್ತದೆ. ನನ್ನ ಒಡಹುಟ್ಟಿದ ತಮ್ಮನನ್ನೇ ನಾನು ಅಟ್ಟ ಹತ್ತಿಸುವುದಿಲ್ಲ. ಇವರು ಯಾವ ಕೊಬ್ಬರಿ ಮಂಡಿಯವನ ಕಡೆಯವರೋ! ಮಗಳನ್ನು ಹಿಡಿದು ಅಟ್ಟಕ್ಕೆ ಕಣ್ಣು ಹಾಕಿದ್ದಾರೆ ಎಂದೇ ನಂಬಿದೆ.

"ಪಾಪ, ವಯಸ್ಸಾದೋರು. ನೋಡ್ಕಂಡ್ ಹೋಗ್ಲಿ ಬುಡೇ," ಎಂದರು ನನ್ನ ಗಂಡ. ಅವರು ಎಲ್ಲರನ್ನೂ ನಂಬುತ್ತಾರೆ, ಅದಕ್ಕೇ ಬೀಗದ ಕೈ ನನ್ನ ಹತ್ತಿರ ಇರುವುದು.

ಅಟ್ಟಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಬೆಳೆದ ಮಗಳ ದನಿ ಗಾಳಿಯಲ್ಲಿ ಹೋಗಿ ಎಲ್ಲೆಲ್ಲಿಯ ಗಂಡಸರ ಕಿವಿಗೆ ಬೀಳುತ್ತದೋ ಯಾರಿಗೆ ಗೊತ್ತು? ಆಗುವುದಿಲ್ಲ ಎಂದುಬಿಟ್ಟೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಮಾತು ಬಿಟ್ಟಳು. ಒಂದು ವಾರ ಮನೆಯಲ್ಲಿ ಉಪ್ಪು ಕೇಳುವುದಕ್ಕೂ ಅಪ್ಪನ ಮೂಲಕ ಹೇಳಿಕಳಿಸುತ್ತಿದ್ದಳು. ನಾನೂ ಜಗ್ಗುವವಳಲ್ಲ, ಆದರೆ ಆ ಮೌನ ನನ್ನಿಂದ ತಡೆಯಲಾಗಲಿಲ್ಲ.

ಕೊನೆಗೆ ಷರತ್ತು ಹಾಕಿದೆ. ತಂತಿ ಕಟ್ಟುವುದು ನಮ್ಮ ಕಾಯಿ ಕೀಳುವವನು. ಅಟ್ಟ ಹತ್ತಿ ಕೇಬಲ್ ಎಳೆಯುವುದು ನಾನು. ಅವರು ತಂದುಕೊಡುವ ರೇಡಿಯೊ ಸೆಟ್ ಇರುವುದು ನಡುಮನೆಯಲ್ಲಿ. ಅದು ಮಾತಾಡುವಷ್ಟು ಹೊತ್ತೂ ನಾನು ಪಕ್ಕದಲ್ಲಿರುತ್ತೇನೆ. ಮಗಳು ಮೇಷ್ಟ್ರು ಎಂದು ಕರೆಯುತ್ತಿದ್ದ ಆ ಹಿರಿಯರು ಎಲ್ಲಕ್ಕೂ ತಲೆಯಾಡಿಸಿದರು. ಇಷ್ಟು ಸುಲಭವಾಗಿ ಒಪ್ಪಿದ್ದು ಯಾಕೆ ಎಂದು ಅದಕ್ಕೂ ಅನುಮಾನ ಬಂತು.

ಲೈಸೆನ್ಸ್ ಇಲ್ಲದವರು ಕೇಳಬಹುದು, ಮಾತಾಡುವಂತಿಲ್ಲ. ಮಗಳು ದಿನಾ ಸಂಜೆ ದೀಪ ಹಚ್ಚಿದ ಮೇಲೆ ಸೆಟ್ ಹಾಕುತ್ತಿದ್ದಳು, ನಾನು ಅವರೆಕಾಯಿ ಬಿಡಿಸುತ್ತಾ ಕಾವಲು ಕೂರುತ್ತಿದ್ದೆ. ಮೊದಲು ಮೇಷ್ಟ್ರು ಹಾಜರಿ ಕೂಗುತ್ತಿದ್ದರು. ಪ್ರತಿಯೊಬ್ಬರಿಗೂ ಅಕ್ಷರ, ಅಂಕಿ ಸೇರಿದ ಒಂದು ಕರೆಸಂಕೇತ. ಕರೆದವರು ಉತ್ತರಿಸುತ್ತಾರೆ, ಸಿಗ್ನಲ್ ಹೇಗಿದೆ ಹೇಳುತ್ತಾರೆ, ಆಮೇಲೆ ಮಳೆ, ಮಂಡಿನೋವು, ಬಿಪಿ ಮಾತ್ರೆ. ನಾನು ಕಿವಿಗೊಟ್ಟು ಕೂತಿದ್ದೇ ಬಂತು, ಕೊಬ್ಬರಿಯ ಸುದ್ದಿ ಒಂದು ದಿನವೂ ಬರಲಿಲ್ಲ. ಆದರೆ ಒಂದು ವಿಷಯ ಪತ್ತೆ ಹಚ್ಚಿದೆ. ಮೇಷ್ಟ್ರು ದಿನವೂ ಕರೆಯುವ ಕೆಲವರು ದಿನವೂ ಸುಮ್ಮನಿರುತ್ತಿದ್ದರು. ಬರೀ ಸುಂಯ್ ಎನ್ನುವ ಸದ್ದು. ಸ್ವಲ್ಪ ಹೊತ್ತು ಕಾದು ಮೇಷ್ಟ್ರು ಮುಂದಿನವರನ್ನು ಕರೆಯುತ್ತಿದ್ದರು.

ಅಡಗಿ ಕೂತು ಕದ್ದು ಕೇಳುವವರು ಇವರೇ ಎಂದುಕೊಂಡೆ. ಮುಂದಿನ ಭಾನುವಾರ ಮೇಷ್ಟ್ರು ಮಗಳಿಗೆ ಪರೀಕ್ಷೆಯ ಪಾಠ ಹೇಳಲು ಬಂದಾಗ ಕಾಫಿ ಲೋಟ ಇಡುವ ಮೊದಲೇ ಕೇಳಿದೆ. "ಕೂಗಿದ್ರೂ ಓಗೊಡಲ್ವಲ್ಲ, ಯಾರ್ರೀ ಅವ್ರು?"

ಮೇಷ್ಟ್ರು ಲೋಟ ಕೈಗೆ ತೆಗೆದುಕೊಂಡರು. "ಅವ್ರು ಇಲ್ಲ ತಾಯಿ. ತೀರ್ಕಂಡವ್ರು. ಒಬ್ಬ ನನ್ ಜೊತೆ ನಲವತ್ತು ವರ್ಷ ಮಾತಾಡ್ದೋನು. ಹಾಜರಿಯಿಂದ ಬುಡಾಕೆ ಮನಸ್ಸು ಬರಲ್ಲ."

ಸತ್ತವರನ್ನು ಅನುಮಾನಿಸಿದೆನಲ್ಲ ಎಂದು ನಾಚಿಕೆಯಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ! "ಹಂಗಾದ್ರೆ ಹುಡುಗ್ರು ಯಾಕೆ ಒಬ್ರೂ ಇಲ್ಲ? ಯಾರಿಗೂ ಬೇಡವಾದ್ದು ನನ್ ಮಗಳ ತಲೆಗೆ ಯಾಕೆ ಕಟ್ತಿದ್ದೀರಿ?"

"ಎಲ್ರನ್ನೂ ಕೇಳ್ದೆ ತಾಯಿ. ಹುಳಿಯಾರಿನಿಂದ ದಬ್ಬೇಘಟ್ಟದ ತನಕ ಕಾಲೇಜು ಕಾಲೇಜು ಸುತ್ತಿದೀನಿ. ಜೇಬಲ್ಲಿ ಫೋನ್ ಇರೋವಾಗ ಇದ್ಯಾಕೆ ಸಾರ್ ಅಂತವೆ. ನಾವೆಲ್ಲ ಹೋದ್ ಮೇಲೆ ಕೂಗೋಕೂ ಜನ ಇರಲ್ಲ, ಓ ಅನ್ನೋಕೂ ಜನ ಇರಲ್ಲ. ನಿಮ್ ಮಗಳೊಬ್ಳು ಕೇಳುದ್ಲು. ನನ್ ಸ್ವಾರ್ಥ ಇದೆ, ಇಲ್ಲ ಅನ್ನಲ್ಲ."

ಸ್ವಾರ್ಥ ಇದ್ದೇ ಇದೆ ಎಂದು ನಾನು ಮೊದಲ ದಿನದಿಂದ ಹೇಳುತ್ತಿರಲಿಲ್ಲವೇ? ನನಗೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು. ಇದನ್ನು ಮೊದಲೇ ಹೇಳುವುದಕ್ಕೆ ಏನು ಧಾಡಿಯಾಗಿತ್ತು ಎಂದು ಬೈದೆ. ಬೈದು, ಮಗಳನ್ನು ಪರೀಕ್ಷೆಗೆ ಕಳಿಸಲು ಒಪ್ಪಿದೆ. ಬೆಂಗಳೂರಿಗೆ ನಾನೇ ಜೊತೆಗೆ ಹೋದೆ, ಬಾಗಿಲ ಹೊರಗೆ ಕೂತು ಒಳಗೆ ಹೋಗುವವರ ಮುಖಗಳನ್ನೆಲ್ಲ ನೋಡಿಕೊಂಡೆ.

ಲೈಸೆನ್ಸ್ ಕೈಗೆ ಬರಲು ತಿಂಗಳುಗಳೇ ಹಿಡಿದವು. ಬಂದ ಸಂಜೆ ಮೇಷ್ಟ್ರು ಹಾಜರಿಯ ಕೊನೆಯಲ್ಲಿ ಮಗಳ ಸಂಕೇತ ಕರೆದರು. ಅವಳು ಮೈಕಿನ ಗುಂಡಿ ಒತ್ತಿ ಉತ್ತರ ಕೊಟ್ಟಳು. ತಕ್ಷಣ ಆ ಮುದುಕರೆಲ್ಲ ಒಟ್ಟಿಗೇ ಮಾತಾಡಿ ಒಂದಕ್ಷರವೂ ತಿಳಿಯದ ಗದ್ದಲವಾಯಿತು. ಒಬ್ಬರಂತೂ ಅವಳು ಊಟ ಮಾಡಿದ್ದಾಳೋ ಇಲ್ಲವೋ ಎಂದು ವಿಚಾರಿಸಿಕೊಂಡರು. ಒಂದು ವರ್ಷ ಅವಳು ಒಂದು ಸಂಜೆಯನ್ನೂ ತಪ್ಪಿಸಲಿಲ್ಲ.

ಈಗ ಮಗಳು ಹಾಸನದಲ್ಲಿ ಓದುತ್ತಿದ್ದಾಳೆ. ಹಾಸ್ಟೆಲಿನಲ್ಲಿ ತಂತಿ ಕಟ್ಟಲು ಬಿಡುವುದಿಲ್ಲ. ಹೋಗುವ ಮುಂಚೆ ಎಲ್ಲರಿಗೂ ಹೇಳಿ, ಸೆಟ್ಟಿಗೆ ಬಟ್ಟೆ ಹೊದಿಸಿ ಹೋದಳು. ಮಾರನೆಯ ಸಂಜೆ ನಾನು ಬಟ್ಟೆ ತೆಗೆದು ಸೆಟ್ ಹಾಕಿದೆ. ಅವಳ ಬೆನ್ನ ಹಿಂದೆ ಏನೆಂದುಕೊಳ್ಳುತ್ತಾರೋ ತಿಳಿಯಬೇಕಲ್ಲ.

ಯಾರೂ ಏನೂ ಅನ್ನಲಿಲ್ಲ. ಹಾಜರಿ ನಡೆಯಿತು. ಕೊನೆಯಲ್ಲಿ ಮೇಷ್ಟ್ರು ನನ್ನ ಮಗಳ ಸಂಕೇತ ಕರೆದರು. ಅವಳಿಲ್ಲ ಎಂದು ಗೊತ್ತಿದ್ದೂ ಕರೆದರು, ಕರೆದು ಕಾದರು. ಸುಂಯ್ ಎನ್ನುವ ಸದ್ದು. ಗುಂಡುಕಲ್ಲಿನಂತೆ ಬದುಕಿರುವ ನನ್ನ ಮಗಳು ಸತ್ತವರ ಆ ಸದ್ದಿನಲ್ಲಿ ಸೇರಿಹೋದದ್ದು ಕೇಳಿ ನನಗೆ ತಡೆಯಲಾಗಲಿಲ್ಲ. ಇದ್ದಾಳೆ ಕಣ್ರೀ, ಚೆನ್ನಾಗಿದ್ದಾಳೆ, ಬೆಳಿಗ್ಗೆ ಫೋನ್ ಮಾಡಿದ್ದಳು ಎಂದು ಜೋರಾಗಿಯೇ ಹೇಳಿದೆ. ಮೈಕು ಕೈಯಳತೆಯಲ್ಲೇ ಇತ್ತು, ಗುಂಡಿ ಒತ್ತುವಂತಿರಲಿಲ್ಲ. ಲೈಸೆನ್ಸ್ ಅವಳದು. ಮೇಷ್ಟ್ರು ಇನ್ನೊಂದು ಸಲ ಕರೆದು, ಕೆಮ್ಮಿ, ಎಲ್ಲರಿಗೂ ಶುಭರಾತ್ರಿ ಹೇಳಿದರು.

ಮಗಳಿಗೆ ಫೋನ್ ಮಾಡಿದೆ.

"ಆ ಪರೀಕ್ಷೇನ ನನ್ ವಯಸ್ಸಿನೋರು ಬರೀಬೋದೇನೇ?"

"ಯಾಕಮ್ಮಾ? ಅವ್ರ ಮೇಲೆ ಇನ್ನೂ ಅನುಮಾನ ಹೋಗಿಲ್ವಾ?"

"ಇಲ್ಲ ಕಣೇ. ಪುಸ್ತಕ ಎಲ್ಲಿಟ್ಟಿದೀಯ, ಅದನ್ ಹೇಳು."