ಅಜೀಮುದ್ದೀನ್ ಉಸ್ತಾದರ ಐವತ್ತೆಂಟು ಹಲ್ಲಿನ ಚಕ್ರ

ಅಜೀಮುದ್ದೀನ್ ಉಸ್ತಾದರು ಇಂಜಿನ್ನಿನ ಕಾಯಿಲೆ ಹಿಡಿಯುತ್ತಿದ್ದದ್ದು ಒಂದು ಸ್ಕ್ರೂಡ್ರೈವರಿನಿಂದ. ಮೊಳದುದ್ದದ್ದು, ಮರದ ಹಿಡಿಯದು. ಓಡುವ ಇಂಜಿನ್ನಿನ ಮೈಗೆ ಅದರ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚುತ್ತಿದ್ದರು. "ಮೂರನೇದ್ರ ಬೇರಿಂಗ್ ಹೋಗ್ಯಾದ, ಬಿಚ್ಚು" ಎನ್ನುತ್ತಿದ್ದರು. ಬಿಚ್ಚಿದರೆ ಮೂರನೆಯದೇ ಹೋಗಿರುತ್ತಿತ್ತು.

ಬಸವಕಲ್ಯಾಣದ ಹೊರಗೆ, ಹೆದ್ದಾರಿ ಕೂಡುವ ಬಂಗ್ಲಾ ಎಂಬ ಜಾಗದಲ್ಲಿ ಅವರ ಗ್ಯಾರೇಜು. ಪಕ್ಕದಲ್ಲಿ ಕಬ್ಬಿಣ ಕಡೆಯುವ ನನ್ನ ಲೇತು. ಇಪ್ಪತ್ತಾರು ವರ್ಷ ಒಂದೇ ತಗಡಿನ ಗೋಡೆಯ ಆಚೆ ಈಚೆ ದುಡಿದೆವು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಗಿರಾಕಿಗಳ ಜೊತೆ ಜಗಳ ದಿನದ್ದು. ಅವರು ಒಮ್ಮೆಯೂ ದನಿ ಏರಿಸಿದವರಲ್ಲ. ಜನ ನನ್ನ ಅಂಗಡಿಗೆ ಬರುತ್ತಿದ್ದುದು ಅವರ ಮುಖ ನೋಡಿಯೇ.

ಆಮೇಲೆ ಗಾಡಿಗಳು ಬದಲಾದವು. ಇಂಜಿನ್ನಿನ ಪಕ್ಕಕ್ಕೆ ಕಂಪ್ಯೂಟರ್ ಡಬ್ಬಿ ಬಂತು. ಡೀಸೆಲ್ ಯಾವಾಗ ಚಿಮ್ಮಬೇಕು, ಎಷ್ಟು ಚಿಮ್ಮಬೇಕು ಎಂದು ಅದೇ ಹೇಳತೊಡಗಿತು. ಡ್ರೈವರುಗಳು ಉಸ್ತಾದರ ಬಳಿ ಚಹಾ ಕುಡಿದು, ಗಾಡಿಯನ್ನು ಕಂಪನಿಯವರ ಬಳಿ ಬಿಡುತ್ತಿದ್ದರು. ದೀಪಾವಳಿಯಿಂದ ಬೇಸಿಗೆಯವರೆಗೆ ಆ ಗ್ಯಾರೇಜಿನಲ್ಲಿ ಒಂದು ಇಂಜಿನ್ನೂ ಬಿಚ್ಚಲಿಲ್ಲ. ಹುಮನಾಬಾದಿನಲ್ಲಿ ಅವರ ತಮ್ಮ ಅಮೀರ ಟೈರಿನ ಅಂಗಡಿ ಇಟ್ಟಿದ್ದಾನೆ. ಅವರನ್ನು ಹವಾ ತುಂಬುವ ಕೆಲಸಕ್ಕೆ ಕರೆಯುತ್ತಲೇ ಇದ್ದ. ಇವರು ಇಲ್ಲವೆನ್ನುತ್ತಲೇ ಇದ್ದರು.

ಘಾಟಬೋರಾಳದ ವೈಜನಾಥನ ಪಿಕಪ್ ಬಂದದ್ದು ಆಗ. ತರಕಾರಿ ಹೊರುವ ಗಾಡಿ, ದಾರಿಯಲ್ಲೇ ಬಂದ್ ಬಿದ್ದಿತ್ತು. ಆ ಜಾತಿಯ ಇಂಜಿನ್ನಿನಲ್ಲಿ ಕ್ರ್ಯಾಂಕ್ ಎಂಬ ತಿರುಗುವ ದಂಡದ ತುದಿಗೆ ಒಂದು ಹಲ್ಲಿನ ಚಕ್ರ ಇರುತ್ತದೆ. ಅರವತ್ತು ಹಲ್ಲಿಗೆ ಜಾಗ, ಹಲ್ಲು ಮಾತ್ರ ಐವತ್ತೆಂಟು. ಎರಡರ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿರುತ್ತಾರೆ. ಪಕ್ಕದಲ್ಲಿ, ಮುಟ್ಟದ ಹಾಗೆ, ಸೆನ್ಸರ್ ಕೂತಿರುತ್ತದೆ. ಅದು ಹಾದುಹೋಗುವ ಹಲ್ಲು ಎಣಿಸುತ್ತದೆ. ಖಾಲಿ ಜಾಗ ಬಂದಾಗ ಪಿಸ್ಟನ್ ಎಲ್ಲಿದೆ ಎಂದು ಡಬ್ಬಿಗೆ ತಿಳಿಯುತ್ತದೆ. ವೈಜನಾಥನ ಗಾಡಿಯಲ್ಲಿ ಒಂದು ಬೋಲ್ಟ್ ಕಳಚಿ ಬಿದ್ದು ಹತ್ತು ಹನ್ನೆರಡು ಹಲ್ಲು ಮುರಿದಿದ್ದವು, ಸೆನ್ಸರಿನ ಮೂತಿಯೂ ಒಡೆದಿತ್ತು. ಆ ಮಾಡೆಲ್ ನಿಂತುಹೋಗಿದೆ, ಹೊಸ ಚಕ್ರಕ್ಕೆ ತಿಂಗಳು ಕಾಯಬೇಕು ಎಂದಿದ್ದರು ಬಿಡಿಭಾಗದವರು.

"ಜಹೀರಾಬಾದಕ್ಕ ಒಯ್ತೀನ್ರಿ ಚಾಚಾ. ಅಲ್ಲಿ ಒಬ್ಬಾವ ಮಾಡ್ತಾನಂತ" ಎಂದ ವೈಜನಾಥ.

"ಶುಕ್ರಾರ ಜುಮ್ಮಾ ತನಕ ನನ್ನ ಬಲ್ಲಿ ಬಿಡು. ದೇವಿಂದ್ರಪ್ಪ ಚಕ್ರ ಕಡೀತಾನ, ನಾ ಕೂಡಸ್ತೀನಿ" ಎಂದು ಉಸ್ತಾದರು ನನ್ನತ್ತ ಕೈ ತೋರಿಸಿದರು.

"ಕಂಪ್ಯೂಟರ್ ಗಾಡಿ ನಿಮಗ ಬರ್ತಾವೇನ್ರಿ?"

"ಅದಕ್ಕ ಹಲ್ಲು ಎಣಸೋದು ಅಷ್ಟೇ ಬರ್ತದ ತಮ್ಮಾ. ನನಗ ಇನ್ನಾ ನಾಕು ಕೆಲಸ ಬರ್ತಾವ."

ವೈಜನಾಥ ನಕ್ಕು ಚಾವಿ ಕೊಟ್ಟು ಹೋದ. ಉಸ್ತಾದರು ನಗಲಿಲ್ಲ. "ಇದು ಚಾಲೂ ಆತಂದ್ರ ಇಂಥಾ ಗಾಡಿ ಎಲ್ಲಾ ನಮ್ಮ ಬಲ್ಲೇ ಬರ್ತಾವ ದೇವಿಂದ್ರಪ್ಪ. ಆಗಲಿಲ್ಲಂದ್ರ ಕೀಲಿ ಹಾಕಿ ಅಮೀರನ ಬಲ್ಲಿ ಹೋಗ್ತೀನಿ" ಎಂದರು.

ಸೆನ್ಸರ್ ತರಲು ಇಬ್ಬರೂ ಹುಮನಾಬಾದಿಗೆ ಹೋದೆವು. ಅಂಗಡಿಯ ಬಸವಕಿರಣ ಎರಡು ನಮೂನೆ ಮುಂದಿಟ್ಟ. ಒಂದಕ್ಕೆ ಎರಡು ವೈರು, ಇನ್ನೊಂದಕ್ಕೆ ಮೂರು.

"ಮೂರು ವೈರಿಂದು ಒಯ್ರಿ ಚಾಚಾ. ಇಂಜಿನ್ ಸಾವಕಾಶ ತಿರುಗಿದ್ರೂ ಹಿಡೀತದ."

ಉಸ್ತಾದರು ಜೇಬಿನಿಂದ ಒಡೆದ ಸೆನ್ಸರ್ ತೆಗೆದರು. "ಹಳೇದಕ್ಕ ಎರಡೇ ಅವ. ಡಬ್ಬಿಗಿ ಯಾವ ಭಾಷಾ ರೂಢಿ ಅದನೋ ಅದ್ರಾಗೇ ಮಾತಾಡಬೇಕು."

ಎರಡು ವೈರಿನದರೊಳಗೆ ಅಯಸ್ಕಾಂತ ಇರುತ್ತದೆ, ಹಲ್ಲು ಹಾದಂತೆ ಅದು ತಾನೇ ಕರೆಂಟು ಹುಟ್ಟಿಸುತ್ತದೆ. ಮೂರು ವೈರಿನದಕ್ಕೆ ಹೊರಗಿನ ಕರೆಂಟು ಬೇಕು. ಅವರು ಸರಿಯಾದದ್ದನ್ನೇ ಆರಿಸಿದರು. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ಮುದುಕನಿಗೆ ಸೆನ್ಸರ್ ತಿಳಿಯಲಿಲ್ಲ ಎಂದು ಆಮೇಲೆ ಬಂಗ್ಲಾದ ತುಂಬ ಆಡಿಕೊಂಡರು.

ತಪ್ಪು ಆದದ್ದು ನನ್ನ ಅಂಗಡಿಯಲ್ಲಿ. ನನ್ನ ಬಳಿ ಚಕ್ರಕ್ಕಾಗುವ ಎರಡು ತುಂಡು ಇದ್ದವು. ಒಂದು ಸಾದಾ ಕಬ್ಬಿಣ, ಒಂದು ಹಾಲಿನ ಟ್ಯಾಂಕಿನ ಕೆಲಸದಲ್ಲಿ ಉಳಿದ ಸ್ಟೀಲು. ನಮ್ಮ ಕಡೆ ಹೆಂಗಸರು ಪಾತ್ರೆ ಕೊಳ್ಳಲು ಹೋದರೆ ಸೆರಗಿನ ಗಂಟಿನಲ್ಲಿ ಚೂರು ಅಯಸ್ಕಾಂತ ಒಯ್ಯುತ್ತಾರೆ. ಪಾತ್ರೆಗೆ ಅಂಟಿದರೆ ನಕಲಿ, ಅಂಟದಿದ್ದರೆ ಅಸಲಿ ಸ್ಟೀಲು. ಉಸ್ತಾದರ ಹೆಂಡತಿ ರಹೀಮಾ ಬೀ ಮಗಳ ಮದುವೆಯಲ್ಲಿ ಹೀಗೆ ಅರ್ಧ ಅಂಗಡಿಯ ಪಾತ್ರೆ ವಾಪಸು ಮಾಡಿದವರು. ಉಸ್ತಾದರು ಹಳೆಯ ರೇಡಿಯೋದ ಅಯಸ್ಕಾಂತ ತಂದು ಎರಡೂ ತುಂಡಿಗೆ ಹಿಡಿದರು. ಕಬ್ಬಿಣಕ್ಕೆ ಟಕ್ಕನೆ ಕೂತಿತು. ಸ್ಟೀಲಿನ ಮೇಲಿಂದ ಜಾರಿತು.

"ಇದೇ ಅಸಲಿ. ಜಂಗ್, ತುಕ್ಕು ಹಿಡಿಯಂಗಿಲ್ಲ, ಗಾಡಿ ಇರೋತನಕ ಇರ್ತದ. ಇದ್ರಾಗೇ ಕಡಿ."

ನಾನೂ ಬರೋಬ್ಬರಿ ಎಂದೆ. ಮೂವತ್ತು ವರ್ಷ ಇಂಜಿನ್ ಬಿಚ್ಚಿದ ಮಿಸ್ತ್ರಿ, ಇಪ್ಪತ್ತಾರು ವರ್ಷ ಕಬ್ಬಿಣ ಕಡೆದ ಲೇತಿನವ, ಇಬ್ಬರೂ ಅಡುಗೆಮನೆಯ ಪರೀಕ್ಷೆ ಮಾಡಿ ಖುಷಿಯಾದೆವು.

ಸ್ಟೀಲು ಸುಮ್ಮನೆ ಕಡಿಸಿಕೊಳ್ಳುವುದಿಲ್ಲ. ಎರಡು ದಿನ ಹಿಡಿಯಿತು, ಮೂರು ಕಟರ್ ಸುಟ್ಟವು, ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಉಸ್ತಾದರು ಪಕ್ಕದಲ್ಲಿ ಸ್ಟೂಲು ಹಾಕಿ ಕೂತು ಒಂದೊಂದು ಹಲ್ಲನ್ನೂ ಬೆರಳಿನಿಂದ ಸವರಿ ಎಣಿಸಿದರು. ಗುರುವಾರ ಸಂಜೆ ಚಕ್ರ ಕೂಡಿಸಿದರು. ಸೆನ್ಸರಿಗೂ ಹಲ್ಲಿಗೂ ನಡುವೆ ಮದುವೆ ಕಾರ್ಡು ಮಡಿಚಿ ಇಟ್ಟು ಸಂದು ನೋಡಿದರು. ಕೂದಲಷ್ಟೂ ಆಚೀಚೆ ಇರಲಿಲ್ಲ. ಚಾವಿ ತಿರುವಿದರೆ ಇಂಜಿನ್ ಗರಗರ ತಿರುಗಿತು. ಹತ್ತಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ಬಂದವರು ಮತ್ತೆ ವೈರು ತಿಕ್ಕಿ, ಸಂದು ಸರಿಸಿ, ಬ್ಯಾಟರಿ ಬದಲಿಸಿ ನೋಡಿದರು. ತಿರುಗುವ ಇಂಜಿನ್ನಿಗೆ ಸ್ಕ್ರೂಡ್ರೈವರ್ ಒತ್ತಿ ಕಿವಿ ಆನಿಸಿದರು. ವೈಜನಾಥ ಎಳೆದೊಯ್ಯುವ ಹಗ್ಗ ಹಿಡಿದೇ ಬಂದಿದ್ದ. ನಾಲ್ಕು ಜನ ಡ್ರೈವರುಗಳೂ ನಿಂತಿದ್ದರು. ಅವರಲ್ಲೊಬ್ಬ, "ಏನಂತದ್ರಿ ಚಾಚಾ, ಜ್ವರಾ ಬಂದದಂತೇನು?" ಎಂದ. ಎಲ್ಲರೂ ನಕ್ಕರು.

ನನಗೆ ತಲೆ ಕೆಟ್ಟಿತು. ಸಿಟ್ಟು ನಕ್ಕವರ ಮೇಲೆ ಬಂದದ್ದು, ಬಾಯಿ ಹೋದದ್ದು ಇವರ ಮೇಲೆ. "ನಿಮ್ಮ ಕಿವೀ ಕಾಲ ಮುಗೀತ್ರಿ ಉಸ್ತಾದ್. ನನ್ನ ಎರಡು ದಿನ ಹಾಳ್ ಮಾಡಿದ್ರಿ. ಹವಾ ತುಂಬ್ಲಿಕ್ಕಿ ಹೋಗ್ರಿ ಇನ್ನ" ಎಂದೆ.

ಅವರು ಸ್ಕ್ರೂಡ್ರೈವರನ್ನು ಬಟ್ಟೆಯಿಂದ ಒರೆಸಿದರು. ಹಗ್ಗ ಕಟ್ಟಲು ವೈಜನಾಥನಿಗೆ ತಾವೇ ಕೈ ಕೊಟ್ಟರು. ಶನಿವಾರ ನಾನು ಬರುವ ಹೊತ್ತಿಗೆ ಗ್ಯಾರೇಜಿಗೆ ಕೀಲಿ ಬಿದ್ದಿತ್ತು.

ಹನ್ನೊಂದನೇ ದಿನ ವೈಜನಾಥ ಅದೇ ಗಾಡಿ ಓಡಿಸಿಕೊಂಡು ಬಂದು ನಮ್ಮ ಚಕ್ರವನ್ನು ನನ್ನ ಲೇತಿನ ಮೇಲಿಟ್ಟ. "ಜಹೀರಾಬಾದನಾವ ಕೊಟ್ಟಾನ್ರಿ. ಹಲ್ಲು ಭಾಳ ಚೊಲೊ ಕಡದಾರ ಅಂದ. ಆದ್ರ ಚುಂಬಕಕ್ಕ ಅಂಟದ ಸ್ಟೀಲಿಂದಂತ, ಸೆನ್ಸರಿಗಿ ಕಾಣಂಗೇ ಇಲ್ಲಂತ. ಅವ ಸಾದಾ ಕಬ್ಬಿಣದ್ದು ಹಾಕ್ಯಾನ" ಎಂದ.

ಅಂದೇ ಚಕ್ರವನ್ನು ಚೀಲದಲ್ಲಿ ಹಾಕಿಕೊಂಡು ಹುಮನಾಬಾದಿಗೆ ಹೋದೆ. ಅಮೀರನ ಅಂಗಡಿಯ ಮುಂದೆ ಉಸ್ತಾದರು ಕುಕ್ಕುರುಗಾಲಲ್ಲಿ ಕೂತಿದ್ದರು. ಹೇಳಿದೆ. ಅವರು ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಹಲ್ಲು ಸವರಿದರು.

"ರಹೀಮಾಗ ಹೇಳಬ್ಯಾಡ. ತನ್ನದೇ ತಪ್ಪಂತ ತಿಳೀತಾಳ" ಎಂದರು.

"ನಾ ಅಂದಿದ್ದು ಮನಸಿನಾಗ ಇಟ್ಕೋಬ್ಯಾಡ್ರಿ ಉಸ್ತಾದ್. ಬರ್ರಿ ಹೋಗಮು. ಕಬ್ಬಿಣದ್ದು ಒಂದೇ ದಿನದಾಗ ಕಡೀತೀನಿ."

"ಯಾವ ಗಾಡಿಗಿ?"

ಅಷ್ಟರಲ್ಲಿ ಒಂದು ಹಳೆಯ ಲಾರಿ ಬಂದು ನಿಂತಿತು. ಅದರ ಇಂಜಿನ್ ಬಡಿದುಕೊಳ್ಳುತ್ತಿತ್ತು, ಲೇತಿನ ಸದ್ದಿಗೆ ಮಂದವಾದ ನನ್ನ ಕಿವಿಗೂ ಕೇಳುವಷ್ಟು. ನಾನು ಉಸ್ತಾದರ ಮುಖ ನೋಡಿದೆ. ಅವರು ಚಕ್ರವನ್ನು ನನ್ನ ಕೈಗೆ ಕೊಟ್ಟು ಎದ್ದರು, ಹಿಂದಿನ ಟೈರಿನ ಬಳಿ ಕೂತರು, ಪಟ್ಟಿಗಳ ಸಂದಿನಲ್ಲಿ ಸಿಕ್ಕಿಕೊಂಡ ಕಲ್ಲುಗಳನ್ನು ಅದೇ ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ಕೀಳತೊಡಗಿದರು. ಡ್ರೈವರ್ ಇಂಜಿನ್ ಆರಿಸಲಿಲ್ಲ. ಅವರು ಆರಿಸು ಎನ್ನಲೂ ಇಲ್ಲ.