ಯುದ್ಧದೇವರ ಪಾರಿವಾಳಗಳು

"ಥೂ ಹಾಳಾದ್ದು, ಹೋಗ್ತೀರೋ ಇಲ್ವೋ!" ಎಂದು ನಾನು ಕೋಲೆತ್ತಿದ್ದೇ ತಡ, ಬೇಲಿಯಾಚೆಯಿಂದ "ಬೇಡ, ಹೊಡೀಬೇಡಿ!" ಎಂಬ ಕೂಗು ಕೇಳಿಸಿತು. ಎಂಬತ್ತು ದಾಟಿದ ಪಕ್ಕದ ಮನೆಯ ಜಪಾನಿ ಅಜ್ಜಿ ಪಾರಿವಾಳಗಳಿಗೆ ಕೈ ಮುಗಿದು ನಿಂತಿದ್ದರು.

ಇಂಗ್ಲಿಷರ ನಾಡಿನ ಈ ಹ್ಯಾರೋದಲ್ಲಿ ಅಪರೂಪಕ್ಕೆ ಒಳ್ಳೆಯ ಬಿಸಿಲು ಬಿದ್ದಿದೆಯೆಂದು ಹಿತ್ತಲಲ್ಲಿ ಹಳೆಯ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟಿದ್ದೆ. ಬೆಳಗಿನಿಂದ ಈ ಪಾರಿವಾಳಗಳು ನನ್ನನ್ನು ಒಂದು ಗಳಿಗೆ ಕೂರಲು ಬಿಟ್ಟಿರಲಿಲ್ಲ. ನಾನು ಒಳಗೆ ಹೋದರೆ ಇಳಿಯುತ್ತಿದ್ದವು, ಹೊರಗೆ ಬಂದರೆ ಹಾರುತ್ತಿದ್ದವು.

ಇವು ಯುದ್ಧದ ದೇವರಾದ ಹಚಿಮಾನನ ದೂತರು, ನಮ್ಮೂರಲ್ಲಿ ಅವನ ಗುಡಿಯಿದೆ ಎಂದು ಅಜ್ಜಿ ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು. ನನಗೆ ರೇಗಿತ್ತು. ಯುದ್ಧದ ದೇವರಿಗೆ ಹದ್ದು, ಗಿಡುಗ ಯಾವುದೂ ಸಿಗಲಿಲ್ಲವೇ ಎಂದು ಕೇಳಿಯೇಬಿಟ್ಟೆ.

ಅಜ್ಜಿ ನಗಲಿಲ್ಲ. "ಅಣ್ಣ ಯುದ್ಧಕ್ಕೆ ಹೋದ ಮೇಲೆ ಅಮ್ಮ ದಿನಾ ಆ ಗುಡಿಗೆ ಹೋಗಿ ಪಾರಿವಾಳಕ್ಕೆ ಅಕ್ಕಿ ಹಾಕ್ತಿದ್ಲು. ಮನೇಲಿ ನಮಗೇ ಅಕ್ಕಿ ಸಾಲ್ತಿರ್ಲಿಲ್ಲ. ಅಣ್ಣ ವಾಪಸ್ ಬರ್ಲಿಲ್ಲ. ಅಮ್ಮ ಅಕ್ಕಿ ಹಾಕೋದನ್ನ ನಿಲ್ಲಿಸ್ಲೂ ಇಲ್ಲ," ಎಂದವರೇ ಒಳಗೆ ಹೋದರು.

ಈಗಲೂ ಬಿಸಿಲು ಕಂಡರೆ ಸಂಡಿಗೆ ಇಡುತ್ತೇನೆ. ಪಾರಿವಾಳ ಇಳಿದೊಡನೆ ಸಿಟ್ಟು ಬರುತ್ತದೆ, ಕೈ ಕೋಲಿಗೆ ಹೋಗುತ್ತದೆ. ಅಷ್ಟರಲ್ಲಿ ಅವು ಕುಕ್ಕುತ್ತಿರುವುದೂ ಅಕ್ಕಿಯನ್ನೇ ಎಂಬುದು ನೆನಪಾಗುತ್ತದೆ. ಆಮೇಲೆ ಅವನ್ನು ಓಡಿಸಲೂ ಆಗುವುದಿಲ್ಲ, ಒಳಗೆ ಹೋಗಿ ಕೂರಲೂ ಆಗುವುದಿಲ್ಲ.